ಅನ್ನ ಬಸಿಯಲು ಇಬ್ಬರು ಬೇಕು

ಶಾಲೆಯ ಬಿಸಿಯೂಟದ ಅನ್ನದ ಪಾತೇಲಿಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು. ಎದುರುಬದುರು ನಿಂತು, ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಿಡಿಯಬೇಕು. ಆ ತುಂಡು ಒಣಗಿರಬೇಕು. ಒದ್ದೆಯಾಗಿದ್ದರೆ ಬಿಸಿ ಕೈಗೆ ಹತ್ತುತ್ತದೆ. ಇಬ್ಬರಲ್ಲಿ ಹಿರಿಯಳು "ಹಿಡದೀ?" ಎಂದು ಕೇಳುತ್ತಾಳೆ. ಕಿರಿಯಳು "ಹಿಡದೇನ್ರಿ" ಎನ್ನುತ್ತಾಳೆ. ಆ ಉತ್ತರ ಬರುವವರೆಗೆ ಪಾತೇಲಿ ಅಲುಗುವುದಿಲ್ಲ. ಇದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ಕೈ ಸುಟ್ಟುಕೊಂಡವರು ಸುಟ್ಟುಕೊಳ್ಳದವರಿಗೆ ಕಲಿಸಿದ್ದು. ಇಳಿಸಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ, ಇಬ್ಬರೂ ಸೇರಿ ಪಾತೇಲಿಯನ್ನು ಓರೆ ಮಾಡಿ ಗಂಜಿ ಬಸಿಯುತ್ತೇವೆ. ಅಕ್ಕಿ ಬೆಂದ ಮೇಲೆ ತಡ ಮಾಡುವಂತಿಲ್ಲ. ಒಲೆ ಆರಿಸಿದರೂ ಕುದಿನೀರಿನಲ್ಲಿ ಅಗುಳು ಒಡೆಯುತ್ತಲೇ ಇರುತ್ತದೆ. ಸುಮ್ಮನೆ ಬಿಟ್ಟರೆ ಮಕ್ಕಳ ತಾಟಿಗೆ ಬೀಳುವುದು ಅನ್ನವಲ್ಲ, ಗೋಡೆಗೆ ಪೋಸ್ಟರ್ ಹಚ್ಚುವ ಅಂಟು.

ನಾನು ಗೋಕಾಕ ತಾಲೂಕಿನಲ್ಲಿ, ಕೊಣ್ಣೂರಿನ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಅಡುಗೆಯವರು ಸೇರಿ ಕಟ್ಟಿಕೊಂಡ ಸಂಘಕ್ಕೆ ಕಾರ್ಯದರ್ಶಿಯೂ ಹೌದು. ಹತ್ತನೇ ತರಗತಿ ಪಾಸಾದವಳು, ಅಕ್ಷರ ದುಂಡಗಿದೆ, ನಾಲಿಗೆ ಸ್ವಲ್ಪ ಉದ್ದ. ಈ ಮೂರು ಅರ್ಹತೆಗಳ ಮೇಲೆ ನನ್ನನ್ನು ಆರಿಸಿದರು. ಮನವಿ ಪತ್ರ ಬರೆದು ಬರೆದು ಈಗ ಅಂಗಡಿಯ ಸಾಮಾನಿನ ಚೀಟಿ ಬರೆಯಲು ಕೂತರೂ ಕೈ ಮೊದಲು 'ಮಾನ್ಯರೇ' ಎಂದೇ ಶುರು ಮಾಡುತ್ತದೆ.

ಮೂಡಲಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಸುಟ್ಟುಕೊಂಡರೆಂದು ಸುದ್ದಿ ಬಂದದ್ದು ಒಂದು ಮಧ್ಯಾಹ್ನ, ನಾನು ತಾಟು ತೊಳೆಯುತ್ತಿದ್ದಾಗ. ಹಳ್ಳಿಯ ಹೆಸರು ಬೇಡ. ಆ ಶಾಲೆಯ ಮಕ್ಕಳೆಲ್ಲ ಅವರನ್ನು ಕಾಕೂ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. ನಾನು ಹೋಗಿ ನೋಡುವಷ್ಟರಲ್ಲಿ ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ, ಜೊತೆಗೆ ಬಲಗಾಲಿನ ಪಾದ ಸುಟ್ಟಿತ್ತು. ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಕೆಳಗೆ ಚಾಪೆ. ಅದರ ಮೇಲೆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು.

"ಅವತ್ತ ಮುಂಜಾನಿ ಸಾಲಿ ಕಮೀಟಿ ಅಧ್ಯಕ್ಷ ಕ್ರೂಸರ್ ತಗೊಂಡ ಬಂದ," ಎಂದರು ಕಾಕೂ. "ಅವರ ಪಕ್ಷದ ಸಭಾ ಇತ್ತಂತ. ಹೆಣ್ಣಮಕ್ಕಳು ಕಡಿಮಿ ಬಿದ್ದಾರ, ನೀವಿಬ್ಬರೂ ಹತ್ತರಿ ಅಂದ. ನನ್ನ ಜೋಡಿ ಅಡಿಗಿ ಮಾಡು ಹುಡುಗ್ಯಾರು ಇಬ್ಬರೂ ನನ್ನ ಮಾರಿ ನೋಡಿದ್ರು. ನಾ ಏನ್ ಅನ್ನಲಿ? ಹೋಗಿಬರ್ರಿ ಅಂದೆ."

"ಒಬ್ಬರಽ ಯಾಕ ಎತ್ತಿದ್ರಿ ಕಾಕೂ? ಮಾಸ್ತರ್ನ ಕರೀಬಾರದಾಗಿತ್ತ?"

"ಕರದೆ. ಬಂದೆ ತಡೀರಿ ಅಂದ್ರು. ನಾ ತಡದೇನು, ಅನ್ನ ತಡೀತೈತೇನವಾ?"

ಕಾಕೂ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಳ್ಳುತ್ತಿದ್ದರು. ಅವು ಅರ್ಧದವರೆಗೆ ಬಾಗಿ ನಿಂತುಬಿಡುತ್ತಿದ್ದವು.

"ರೂಢಿ ಅನ್ನೂದು ನೋಡು," ಎಂದು ನಕ್ಕರು. "ಎದುರಿಗೆ ಯಾರೂ ಇದ್ದಿಲ್ಲ. ಆದ್ರೂ 'ಹಿಡದೀ?' ಅಂತ ಕೇಳೇ ಎತ್ತಿದೆ."

ನನಗೆ ನಗು ಬರಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಅವರು ನನ್ನನ್ನು ಕರೆಸಿದ್ದು ಗಾಯ ತೋರಿಸಲಿಕ್ಕಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಶಾಲಾ ಸಮಿತಿ ಕೂತು, 'ಸದರಿಯವರು ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ' ಎಂದು ಠರಾವು ಬರೆದು, ಅಧ್ಯಕ್ಷನ ತಮ್ಮನ ಹೆಂಡತಿಯನ್ನು ಆ ಜಾಗಕ್ಕೆ ಹಾಕಿತ್ತು. ಪರಿಹಾರದ ಅರ್ಜಿ ಬೇರೆ ಹಾಕಿದ್ದೆವು, ಅದು ತನ್ನ ದಾರಿಯಲ್ಲಿ ನಡೆಯುತ್ತಿತ್ತು. ಕಾಕೂಗೆ ಬೇಕಾಗಿದ್ದದ್ದು ಆ ಜಾಗ.

"ಆ ಅಡಿಗಿಮನಿ ಹೊಸ್ತಲ ದಾಟಾಕ ನನಗ ಎರಡ ವರ್ಷ ಹಿಡದಿತ್ತು ತಂಗಿ. ನಮ್ಮ ಓಣ್ಯಾವರ ಕೈಯಾಗಿಂದು ತಮ್ಮ ಹುಡುಗೂರು ಉಣ್ಣಂಗಿಲ್ಲ ಅಂತ ಮ್ಯಾಲಿನ ಓಣ್ಯಾವರು ಮನಿಯಿಂದ ಡಬ್ಬಿ ಕಟ್ಟಿ ಕಳಸ್ತಿದ್ರು. ಈಗ ಅವಽ ಮನಿ ಹುಡುಗೂರು ಇನ್ನೊಂದ ಸವಟ ಹಾಕ್ರಿ ಕಾಕೂ ಅಂತಾವು. ನಾ ಹೊರಗ ಬಿದ್ರ ನನ್ನ ಕೆಲಸ ಅಷ್ಟಽ ಹೋಗಂಗಿಲ್ಲ."

ಆ ಮಾತು ಎಷ್ಟು ದೂರದಿಂದ ಬಂದದ್ದೆಂದು ನನಗೆ ತಿಳಿದಿತ್ತು. ನಾನು ಕುರಿಗಾರರ ಮನೆಯವಳು. ನನ್ನ ಕೈಯ ಅನ್ನಕ್ಕೆ ಯಾರೂ ಡಬ್ಬಿ ಕಟ್ಟಿ ಕಳಿಸಿರಲಿಲ್ಲ. "ನಿಮ್ಮನ್ನ ಮತ್ತ ಆ ಒಲಿ ಮುಂದ ನಿಲ್ಲಸದ ನಾ ಸುಮ್ಮ ಕುಂದ್ರಂಗಿಲ್ಲ" ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಮೊದಲಿನಿಂದಲೂ ಧಾರಾಳಿ.

ಮೊದಲು ಕಾಗದದ ದಾರಿ ಹಿಡಿದೆ. ನಮ್ಮ ಮೂರೂ ತಾಲೂಕು ನೋಡಿಕೊಳ್ಳುವ ಬಿಸಿಯೂಟದ ಅಧಿಕಾರಿ ಕೆಟ್ಟವರೇನಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕಾಗದ ಓದುವವರು, ಯಾರನ್ನೂ ನಿಲ್ಲಿಸಿ ಮಾತಾಡಿಸದವರು. ಮನವಿ ಓದಿದರು, ಠರಾವು ಓದಿದರು, ಶಾಲೆಯಿಂದ ತರಿಸಿದ್ದ ಹಾಜರಿ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಆ ದಿನ ಮೂವರೂ ಅಡುಗೆಯವರು ಹಾಜರು ಎಂದಿತ್ತು.

"ಬಾಯಾರ, ನಾ ಕಾಗದಾ ನೋಡಾಂವ. ಮೂವರೂ ಇದ್ದಾಗ ಒಬ್ಬಾಕಿನಽ ಯಾಕ ಎತ್ತಿದ್ಲು? ಅದು ಆಕಿ ನಿಷ್ಕಾಳಜಿ ಆತು."

"ಉಳಿದಿಬ್ಬರು ಸಭಾಕ್ಕ ಹೋಗಿದ್ರು ಸರ್."

"ಅವರಽ ಬರದ ಕೊಡ್ಲಿ."

ಅದೇ ಕಷ್ಟವಾಗಿತ್ತು. ಹಾಜರಿ ಹಾಕಿದ್ದು ಮುಖ್ಯೋಪಾಧ್ಯಾಯರು. ಹಾಕಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತು. ಕಾಕೂ ಜೊತೆ ಕೆಲಸ ಮಾಡುವ ಇಬ್ಬರಲ್ಲಿ ಕಿರಿಯಳ ಮನೆಗೆ ಹೋದೆ. ಅರ್ಧ ಬಾಗಿಲು ತೆರೆದು ನಿಂತು, "ನನ್ನ ಕೇಳಬ್ಯಾಡ್ರಿ ಅಕ್ಕಾರ, ನಾಳಿ ನನ್ನ ಜಾಗಾನೂ ಹೋದ್ರ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಆ ಪಾತೇಲಿ ಇನ್ನೊಂದು ಕಡಿ ಹಿಡೀಬೇಕಾದಾಕಿ ನೀನ ಇದ್ದಿ" ಎಂದುಬಿಟ್ಟೆ. ಅವಳು ಬಾಗಿಲು ಹಾಕಿಕೊಂಡಳು. ಬಸ್ಸಿನಲ್ಲಿ ಬರುವಾಗ ಆ ಮಾತು ನನಗೇ ತಿರುಗಿ ಚುಚ್ಚತೊಡಗಿತು. ನಾನೂ ಅಂಥ ಕ್ರೂಸರ್ ಹತ್ತಿದವಳೇ. ಮೂರು ಸಲ ಮೂರು ಬೇರೆ ಬೇರೆ ಪಕ್ಷದ ಸಭೆಗೆ ಹೋಗಿದ್ದೇನೆ. ಎರಡು ಸಲ ಗಾಡಿಯೂ ಅದೇ, ಡ್ರೈವರನೂ ಅವನೇ, ಮುಂದೆ ಕಟ್ಟಿದ ಬಾವುಟ ಮಾತ್ರ ಬೇರೆ. ಬರುವುದಿಲ್ಲ ಎಂದರೆ ನಾಳೆ ಒಲೆಯ ಮುಂದೆ ಬೇರೆಯವಳು ಇರುತ್ತಾಳೆ ಎಂಬ ಹೆದರಿಕೆ ಅವಳೊಬ್ಬಳದಾಗಿರಲಿಲ್ಲ.

ಅಡುಗೆಯವರು ಸೇರಬೇಕೆಂದರೆ ಭಾನುವಾರವೇ ಆಗಬೇಕು. ಘಟಪ್ರಭಾದ ಪಕ್ಕದ ಧುಪದಾಳದ ಒಡ್ಡಿನ ಹತ್ತಿರ ಮರದ ನೆರಳಲ್ಲಿ ಸೇರಿದೆವು. ಮೂರೂ ತಾಲೂಕಿನವರಿಗೆ ಘಟಪ್ರಭಾ ಹತ್ತಿರವಾಗುತ್ತದೆ, ಬಸ್ಸೂ ಹೆಂಗಸರಿಗೆ ಪುಕ್ಕಟೆ. ಪಗಾರದ ಬೇಡಿಕೆ ನಮಗೆ ಯಾವಾಗಲೂ ಇರುವಂಥದ್ದು, ಈ ಸಲ ಅದನ್ನು ಪಕ್ಕಕ್ಕಿಟ್ಟೆವು. ಎರಡೇ ಮಾತು ಬರೆದೆವು: ಕಾಕೂ ಜಾಗ ಕಾಕೂಗೆ ಕೊಡಬೇಕು, ಒಲೆ ಉರಿಯುವ ಹೊತ್ತಿನಲ್ಲಿ ಅಡುಗೆಯವರನ್ನು ಯಾವ ಪಕ್ಷದ ಸಭೆಗೂ ಕರೆದೊಯ್ಯಬಾರದು. ಒಂದು ದಿನ ಅಡುಗೆ ನಿಲ್ಲಿಸಿ ಕಚೇರಿ ಮುಂದೆ ಕೂರುವುದೆಂದು ಎಲ್ಲರೂ ಕೈಯೆತ್ತಿದರು. "ಯಾರರ ಒಬ್ಬ ಲೀಡರ್ನ ಕರಸೂಣಲ್ರಿ, ನಮ್ಮ ಮಾತ ಯಾರ್ ಕೇಳ್ತಾರ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. "ಗಾಡಿ ತುಂಬಸಾವರನ್ನಽ ಗಾಡಿ ತುಂಬಸಬ್ಯಾಡ್ರಿ ಅನ್ನಾಕ ಕರಸೂಣೇನವಾ?" ಎಂದೆ. ನಕ್ಕರು, ಆದರೆ ಆ ನಗುವಿನಲ್ಲಿ ಒಪ್ಪಿಗೆ ಪೂರ್ತಿ ಇರಲಿಲ್ಲ.

ಪೊಲೀಸ್ ಠಾಣೆಗೆ ಪತ್ರ, ತಹಶೀಲ್ದಾರರಿಗೆ ಪತ್ರ, ಅಧಿಕಾರಿಗೆ ನೋಟೀಸು, ಶಾಲೆ ಶಾಲೆಗೂ ಅದರ ಪ್ರತಿ. ಒಂದು ವಾರ ನನ್ನ ಕೈಗೆ ಸೌಟಿಗಿಂತ ಪೆನ್ನು ಹೆಚ್ಚು ಸಿಕ್ಕಿತು.

ಮುಷ್ಕರದ ದಿನ ಹೆಂಗಸರು ಬಂದರು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಂದರು. ಕಾಕೂ ಬಂದು ಕೈಯನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತರು. ಘೋಷಣೆ ಕೂಗಿದೆವು. ಹನ್ನೊಂದು ಗಂಟೆಯ ಹೊತ್ತಿಗೆ ಅಧಿಕಾರಿ ಹೊರಗೆ ಬಂದು ತಮ್ಮ ಫೋನು ನನ್ನ ಮುಂದೆ ಹಿಡಿದರು. ಶಾಲೆಗಳಿಂದ ಸಂದೇಶಗಳು ಒಂದರ ಮೇಲೊಂದು ಬರುತ್ತಿದ್ದವು: 'ಊಟ ತಯಾರಿದೆ', 'ಊಟ ತಯಾರಿದೆ'.

"ಮುಷ್ಕರ ಎಲ್ಲೈತ್ರಿ ಬಾಯಾರ? ಎಲ್ಲಾ ಸಾಲ್ಯಾಗೂ ಅಡಿಗಿ ಆಗೇತಿ."

ತಿರುಗಿ ನನ್ನ ಹೆಂಗಸರನ್ನು ನೋಡಿದೆ. ಒಬ್ಬಳೂ ತಲೆ ಎತ್ತಲಿಲ್ಲ. ಬೆಳಗಿನ ಜಾವವೇ ಎದ್ದು, ಶಾಲೆಯ ಕೀಲಿ ತೆಗೆದು, ಅನ್ನ ಸಾರು ಮಾಡಿ, ಮುಚ್ಚಿಟ್ಟು, ಮಾಸ್ತರಿಗೆ ಬಡಿಸಲು ಹೇಳಿ, ಆಮೇಲೆ ಮುಷ್ಕರಕ್ಕೆ ಬಂದಿದ್ದರು.

"ಏನ್ ಮಾಡಬೇಕ್ರಿ," ಎಂದರು ಹುಕ್ಕೇರಿ ಕಡೆಯ ಒಬ್ಬ ಹಿರಿಯಾಕೆ, ನಮ್ಮಲ್ಲೆಲ್ಲ ವಯಸ್ಸಿನಲ್ಲಿ ದೊಡ್ಡವರು. "ಆ ಹುಡುಗೂರು ಮುಂಜಾನಿ ಚಹಾ ಕುಡದ ಬರತಾವು. ಅವುನ್ನ ಉಪಾಸ ಕೆಡವಿ ನಾ ಘೋಷಣಾ ಹೆಂಗ ಕೂಗಲಿ?"

ಸಿಟ್ಟು ಮಾಡಿಕೊಂಡು ಬೈಯಬೇಕಾದವಳು ನಾನು. ಸಂಘದ ಶಿಸ್ತು, ಕೊಟ್ಟ ಮಾತು, ಎಲ್ಲ ಹೇಳಬೇಕಾಗಿತ್ತು. ಆದರೆ ಬಾಯಿ ತೆರೆಯಲು ಮುಖವಿರಲಿಲ್ಲ. ಆ ದಿನ ನಸುಕಿನಲ್ಲಿ ನಾನೂ ನನ್ನ ಶಾಲೆಯಲ್ಲಿ ಜೊತೆಗಾರ್ತಿಯೊಂದಿಗೆ ಅನ್ನ ಬಸಿದು, ಬೇಳೆ ಸಾರಿಗೆ ಒಗ್ಗರಣೆ ಕೊಟ್ಟು, ಕೈ ತೊಳೆದು ಬಂದಿದ್ದೆ. ನಮ್ಮ ಶಾಲೆಯವರಷ್ಟೇ ಹಾಗೆ ಮಾಡಿದ್ದೆಂದು ಬಸ್ಸಿನಲ್ಲೆಲ್ಲ ನಾಚಿಕೊಂಡಿದ್ದೆ. ಅದನ್ನು ಹೇಳಿದೆ. ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರು ತಾಲೂಕಿನ ಮುಷ್ಕರಗಾರರು ತಮ್ಮ ಮುಷ್ಕರವನ್ನು ತಾವೇ ಕೈಯಾರೆ ಬಡಿಸಿ ಬಂದಿದ್ದೆವು. ಅವರನ್ನು ಆವತ್ತು ಪ್ರೀತಿಸಿದಷ್ಟು ನಾನು ಯಾವತ್ತೂ ಪ್ರೀತಿಸಿಲ್ಲ.

ನಗು ಮುಗಿಯುವಷ್ಟರಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಅಧ್ಯಕ್ಷನ ಪಕ್ಷಕ್ಕೆ ಎದುರಾದ ಪಕ್ಷದ ಮುಖಂಡರು ಇಳಿದರು. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ಶಾಲು ಹಾರ, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ. ಹಿಂದಿನ ಚುನಾವಣೆಯಲ್ಲಿ ಇವರು ಅಧ್ಯಕ್ಷನ ಪಕ್ಷದಲ್ಲೇ ಇದ್ದರು. ಅದನ್ನು ನೆನಪಿಸಿದರೆ ಬೇಸರವಾಗುತ್ತದೆಂದು ಯಾರೂ ನೆನಪಿಸಲಿಲ್ಲ.

"ಎಲ್ಲಾ ನನಗ ಗೊತ್ತಾಗೇತಿ," ಎಂದು ನನ್ನನ್ನು ಬದಿಗೆ ಕರೆದರು. "ಒಂದ ಫೋನ್ ಹಚ್ಚಿದ್ರ ನಾಳಿ ಆಕಿ ಕೆಲಸದಾಗ ಇರತಾಳ. ನೀವು ನಮ್ಮ ಶಾಲ್ ಹಾಕ್ಕೊಂಡ ಒಂದ ಫೋಟೋ ತಗಸ್ರಿ. ಮುಂದಿನ ತಿಂಗಳ ನಮ್ಮ ಸಭಾ ಐತಿ, ನಿಮ್ಮ ಹೆಣ್ಣಮಕ್ಕಳನ್ನ ಕರಕೊಂಡ ಬರ್ರಿ. ಮುಗೀತು."

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ಮುಷ್ಕರ ಬಿದ್ದುಹೋಗಿತ್ತು, ಕಾಗದ ನಮಗೆ ಎದುರಾಗಿತ್ತು. ಆ ಮನುಷ್ಯ ಫೋನು ಹಚ್ಚಿದರೆ ಕೆಲಸ ಆಗುತ್ತದೆ ಎಂಬುದೂ ನಿಜವಿತ್ತು. ಇದು ನನ್ನ ಜಾಗವಲ್ಲ, ಕಾಕೂ ಜಾಗ. ಬೇಡ ಎನ್ನಲು ನಾನ್ಯಾರು? ಕಾಕೂ ಹತ್ತಿರ ಹೋಗಿ ಕೂತು, ಮುಖಂಡರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. "ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ" ಎಂದೆ.

ಕಾಕೂ ಬಿಳಿ ಕಾರಿನ ಕಡೆ ನೋಡಿದರು.

"ಒಂದ ಪಕ್ಷದವರು ನನ್ನ ಜೋಡಿನವರನ್ನ ಕರಕೊಂಡ ಹ್ವಾದ್ರು," ಎಂದರು. "ಇನ್ನೊಂದ ಪಕ್ಷದವರು ನನ್ನ ಕರಕೊಂಡ ಹೋಗಾಕ ಬಂದಾರ. ಅಡಿಗಿಮನ್ಯಾಗ ಯಾರ್ ಇರಬೇಕವಾ ಮತ್ತ?"

ಶಾಲು ಹಿಡಿದವನು ಅಷ್ಟರಲ್ಲಿ ಹತ್ತಿರ ಬಂದಿದ್ದ. ಕಾಕೂ ಸೆರಗು ಸರಿಸಿ ಕೈ ತೋರಿಸಿ, ಮಗನಿಗೆ ಹೇಳುವಂತೆ ಹೇಳಿದರು: "ಬ್ಯಾಡಪಾ. ಬಟ್ಟಿ ತಾಗಿದ್ರ ಇನ್ನೂ ಉರೀತೈತಿ." ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಾರು ಹೊರಟುಹೋಯಿತು.

ಈಗ ನಮ್ಮ ಕೈಯಲ್ಲಿ ಏನೂ ಉಳಿದಿರಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಾ ಕೂತೆವು. ನಾಳೆ ಖರೇನೇ ಅಡುಗೆ ನಿಲ್ಲಿಸೋಣವೇ ಎಂದು ಕೇಳಿದೆ. ಹುಕ್ಕೇರಿಯ ಹಿರಿಯಾಕೆಗೆ ರೇಗಿತು.

"ಎಷ್ಟ ಸಲ ಹೇಳಲವಾ ನಿನಗ? ಹುಡುಗೂರ್ನ ಉಪಾಸ ಕೆಡವಾಕ ನನ್ನ ಕೈಲೆ ಆಗಂಗಿಲ್ಲ. ಅಡಿಗಿ ಮಾಡತೇನಿ. ಬೇಕಾರ ಪಾತೇಲಿ ಇಳಸಂಗಿಲ್ಲ ನೋಡು, ಬೇಕಾದವರು ಬಂದ ಇಳಿಸ್ಕೊಳ್ಳಿ!"

ಅವರು ಸಿಟ್ಟಿನಲ್ಲಿ ಹೇಳಿದ್ದು. ನನ್ನ ಕೈಯ ರೊಟ್ಟಿ ಹಾಗೆಯೇ ನಿಂತಿತು. "ಮತ್ತೊಮ್ಮೆ ಅನ್ರಿ ಅಕ್ಕಾರ" ಎಂದೆ.

ಅಲ್ಲೇ ಕೂತು ಹೊಸ ನೋಟೀಸು ಬರೆದೆ. ನಾವು ದಿನವೂ ಕೆಲಸಕ್ಕೆ ಬರುತ್ತೇವೆ, ಅಡುಗೆ ಮಾಡುತ್ತೇವೆ, ಬಡಿಸುತ್ತೇವೆ. ಆದರೆ ಬಿಸಿ ಪಾತೇಲಿಯನ್ನು ಒಲೆಯಿಂದ ಇಳಿಸಿ ಬಸಿಯುವುದಿಲ್ಲ. ಆ ಕೆಲಸವನ್ನು ಒಬ್ಬ ಹೆಂಗಸು ಒಬ್ಬಳೇ ಮಾಡಬಲ್ಲಳು ಎಂದು ಕಚೇರಿ ತಿಳಿದಿರುವುದರಿಂದ, ಇಬ್ಬರು ಸಾಹೇಬರಿಗೆ ಅದು ಕಷ್ಟವಾಗಲಾರದು. ಈ ಕೊನೆಯ ಸಾಲನ್ನು ತೆಗೆಯಬೇಕೆಂದು ಕೆಲವರು ಹೇಳಿದರು. ನಾನು ತೆಗೆಯಲಿಲ್ಲ.

ಆದರೆ ನನಗೆ ಹೆದರಿಕೆಯೂ ಇತ್ತು. ರೂಢಿಯಿಲ್ಲದವರು ಎತ್ತಲು ಹೋಗಿ ಇನ್ನೊಬ್ಬರು ಸುಟ್ಟುಕೊಂಡರೆ ಆ ಪಾಪ ನನ್ನ ತಲೆಗೆ. ಹಾಗಾಗಿ ನಮ್ಮೊಳಗೆ ಕಟ್ಟಳೆ ಮಾಡಿಕೊಂಡೆವು. ಒಣ ಗೋಣಿ ತುಂಡು ಮಡಿಸಿ ಮೊದಲೇ ಇಡಬೇಕು, ನೆಲ ಒರೆಸಿರಬೇಕು, ಮಕ್ಕಳು ಬಾಗಿಲಿನ ಹತ್ತಿರ ಬರಬಾರದು. ಎತ್ತುವವರಿಗೆ ನಿಲ್ಲುವುದು ಹೇಗೆ, ಕೇಳುವುದು ಹೇಗೆ, ಉತ್ತರ ಕೊಡುವುದು ಹೇಗೆ ಎಂದು ಪೂರ್ತಿ ಹೇಳಿಕೊಡಬೇಕು. ಕೈ ಮಾತ್ರ ಹಚ್ಚಬಾರದು.

ಮೊದಲ ದಿನ ಮೂರೂ ತಾಲೂಕಿನಿಂದ ಫೋನು ಬಂದವು. ಒಂದು ಶಾಲೆಯಲ್ಲಿ ಮಾಸ್ತರರಿಬ್ಬರು ಚೆನ್ನಾಗಿಯೇ ಇಳಿಸಿದರಂತೆ. ಇನ್ನೊಂದರಲ್ಲಿ ಮುಖ್ಯೋಪಾಧ್ಯಾಯರು ಜಾಣತನ ತೋರಿಸಲು ಹೋಗಿ ಒಲೆಯ ಮೇಲಿಂದಲೇ ಜರಡಿಯಲ್ಲಿ ಅನ್ನ ತೆಗೆಯುತ್ತ ನಿಂತರು. ಕೊನೆಯ ಸಾಲಿನ ಮಕ್ಕಳ ಪಾಲಿಗೆ ಬಂದದ್ದು ಅಂಟು. ಮಮದಾಪುರದ ಕಡೆಯ ಶಾಲೆಯೊಂದರಲ್ಲಿ ಹೆಣ್ಣು ಮಾಸ್ತರರಿಬ್ಬರು ಇಳಿಸಿದ ಮೇಲೆ ಅಡುಗೆಯವರ ಪಕ್ಕದಲ್ಲೇ ಕೂತು, ಇಷ್ಟು ವರ್ಷ ತಾವೊಮ್ಮೆಯೂ ಈ ಕೋಣೆಯೊಳಗೆ ಬಂದಿರಲಿಲ್ಲ ಎಂದರಂತೆ. ಯಾವ ಮಗುವೂ ಉಪವಾಸ ಬೀಳಲಿಲ್ಲ, ಯಾರೂ ಸುಟ್ಟುಕೊಳ್ಳಲಿಲ್ಲ. ಮಧ್ಯಾಹ್ನ ಎರಡು ಗಂಟೆಯವರೆಗೆ ನಾನು ಫೋನು ಕೆಳಗಿಡಲಿಲ್ಲ.

ಎರಡನೆಯ ದಿನ ಸಂಜೆ, ಕಾಕೂ ಶಾಲೆಯ ಆ ಕಿರಿಯಳು ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ನಾನು ಬಾಗಿಲು ಪೂರ್ತಿ ತೆರೆದೆ. ಅವಳು ಒಳಗೆ ಬಂದು ಕೂತಳು.

"ನಾವೂ ಪಾತೇಲಿ ಮುಟ್ಟಲಿಲ್ರಿ ಅಕ್ಕಾರ. ಇವತ್ತ ನಮ್ಮ ಸಾಲ್ಯಾಗ ಅಧ್ಯಕ್ಷರಽ ಬಂದಿದ್ರು. ನಿಮ್ಮ ಆಟ ನಡಿಯಾಕ ಬಿಡಂಗಿಲ್ಲ, ನಾನಽ ಇಳಸತೇನಿ ಅಂದ್ರು. ಒಂದ ಕಡಿ ಅವರು, ಒಂದ ಕಡಿ ಹೆಡ್‌ಮಾಸ್ತರು. ನಾ ಹೆಂಗ ಹಿಡೀಬೇಕಂತ ಹೇಳಿದೆ. ಕೇಳಲಿಲ್ಲ. ಅಧ್ಯಕ್ಷರು ಎತ್ತಿದ್ರು, ಹೆಡ್‌ಮಾಸ್ತರು ಇನ್ನೂ ಎತ್ತಿದ್ದಿಲ್ಲ. ಗಂಜಿ ತುಳುಕಿ ಅಧ್ಯಕ್ಷರ ಬೂಟಿನ ಮ್ಯಾಲ ಬಿತ್ತು."

"ಸುಟ್ಟಿತೇನು?"

"ಇಲ್ರಿ, ಬೂಟು ಚರ್ಮದ್ದಿತ್ತು. ಪಾತೇಲಿ ವಾಪಸ್ ಒಲಿ ಮ್ಯಾಲ ಕುಕ್ಕಿ, ಮಾರಿ ಬಿಳಿಚಿ, ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತ್ರು. 'ಇದು ಇಷ್ಟ ಭಾರ ಇರತೈತೇನು' ಅಂತ ಕೇಳಿದ್ರು. ಕಡೀಕ ಮಾಸ್ತರಿಬ್ಬರು ಬಂದ ಇಳಿಸಿದ್ರು. ಅವರ ತಮ್ಮನ ಹೆಂಡತಿನಽ, ಕಾಕೂ ಜಾಗಾಕ್ಕ ಬಂದಾಕಿ, ಅಳಾಕತ್ತಳು. ಜಾಗಾ ಖಾಲಿ ಐತಿ ಅಂತ ನನಗ ಸುಳ್ಳ ಹೇಳಿ ಕಳಿಸಿದ್ರಿ ಅಂದ್ಲು."

ಕಿರಿಯಳು ಸೆರಗಿನ ಗಂಟಿನಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಆ ದಿನ ತಾವಿಬ್ಬರೂ ಎಲ್ಲಿದ್ದೆವು, ಯಾರು ಕರೆದೊಯ್ದರು, ಯಾವಾಗ ವಾಪಸ್ಸು ಬಂದೆವು, ಎಲ್ಲವನ್ನೂ ಬರೆದಿದ್ದರು. ಕೆಳಗೆ ಇಬ್ಬರ ಸಹಿ.

"ನಾ ಇರಬೇಕಿತ್ರಿ ಆ ಕಡಿ ಹಿಡಿಯಾಕ," ಎಂದಳು. "ನೀವು ಅಂದದ್ದು ಖರೇ ಐತಿ."

"ನಾ ಅನ್ನಬಾರದಾಗಿತ್ತು ತಂಗಿ," ಎಂದೆ. "ನಾನೂ ಗಾಡಿ ಹತ್ತೇನಿ." ಆಮೇಲೆ ಇಬ್ಬರೂ ಅತ್ತೆವು. ಅಳು ಮುಗಿದ ಮೇಲೆ ಚಹಾ ಮಾಡಿದೆ.

ಮರುದಿನ ಆ ಕಾಗದ ಕಚೇರಿಗೆ ಒಯ್ಯಬೇಕೆಂದಿದ್ದೆ. ಅದಕ್ಕೆ ಮೊದಲೇ, ಸರಿಯಾಗಿ ಅನ್ನ ಬೇಯುವ ಹೊತ್ತಿಗೆ, ಅಧಿಕಾರಿಯ ಜೀಪು ನಮ್ಮ ಶಾಲೆಗೆ ಬಂತು. ಕಾರ್ಯದರ್ಶಿಯ ಶಾಲೆಯನ್ನೇ ನೋಡೋಣವೆಂದು ಬಂದಿದ್ದರು. ನಮ್ಮ ಮುಖ್ಯೋಪಾಧ್ಯಾಯರು ಮೀಟಿಂಗಿಗೆ ಹೋಗಿದ್ದರು, ಉಳಿದ ಮಾಸ್ತರರಿಗೆ ಬೆನ್ನು ನೋವು. ನಾನು ಒಲೆ ಆರಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

"ಅನ್ನ ಬೆಂದೈತಿ ಸರ್. ಇನ್ನ ತಡಿಯಂಗಿಲ್ಲ."

ಅವರು ನನ್ನನ್ನು ನೋಡಿದರು, ತಾಟು ಹಿಡಿದು ಸಾಲಾಗಿ ಕೂತ ಮಕ್ಕಳನ್ನು ನೋಡಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಅಂಗಿಯ ತೋಳು ಮಡಚಿ, ಡ್ರೈವರನನ್ನು ಕರೆದರು. "ಹೆಂಗ ಹಿಡೀಬೇಕ್ರಿ?" ಎಂದು ಕೇಳಿದರು. ಬಾಗಿಲಲ್ಲಿ ನಿಂತು ಎಲ್ಲ ಹೇಳಿಕೊಟ್ಟೆ. ಕಾಲು ಎಷ್ಟು ಅಗಲಿಸಬೇಕು, ಬೆರಳು ಎಲ್ಲಿರಬೇಕು, ಯಾರು ಕೇಳಬೇಕು.

"ಹಿಡದೀಯೇನಪಾ?" ಎಂದರು ಅಧಿಕಾರಿ.

"ಹಿಡದೇನ್ರಿ ಸಾಹೇಬ್ರ," ಎಂದ ಡ್ರೈವರ.

ಇಳಿಸಿದರು. ಬಸಿದರು. ಹಬೆಗೆ ಇಬ್ಬರ ಮುಖವೂ ಕೆಂಪಾಗಿತ್ತು. ಅಧಿಕಾರಿ ಗೋಡೆಗೆ ಒರಗಿ ನಿಂತು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಇದನ್ನ ಆ ಹೆಣ್ಣಮಗಳು ಒಬ್ಬಾಕಿನಽ ಎತ್ತಿದ್ಲಾ?"

"ಕಾಗದದಾಗ ಮೂವರಿದ್ರು ಸರ್," ಎಂದು ಕಿರಿಯಳ ಕಾಗದವನ್ನು ಅವರ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು, ಕಾಗದವನ್ನು ದೂರ ಹಿಡಿದು ಓದಿದರು. ಎರಡು ಸಲ ಓದಿದರು. ಅಂದು ನಮ್ಮ ಶಾಲೆಯಲ್ಲೇ ಊಟ ಮಾಡಿ ಹೋದರು.

ನಾಲ್ಕನೆಯ ದಿನದ ಸಂಜೆ ಆದೇಶ ಬಂತು. ಠರಾವು ರದ್ದಾಗಿತ್ತು, ಕಾಕೂ ಜಾಗ ಕಾಕೂಗೆ. ಒಲೆಯ ಹೊತ್ತಿನಲ್ಲಿ ಅಡುಗೆಯವರನ್ನು ಬೇರೆ ಯಾವ ಕಾರ್ಯಕ್ರಮಕ್ಕೂ ಕರೆದೊಯ್ಯಬಾರದೆಂದು ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಯಿತು. ಅದು ಎಷ್ಟು ದಿನ ನಡೆಯುತ್ತದೋ ನೋಡಬೇಕು. ಚುನಾವಣೆ ಬರಲಿ, ತಿಳಿಯುತ್ತದೆ. ಮರುದಿನ ಫೋನಿನಲ್ಲಿ ಎರಡು ಪಕ್ಷದವರ ಅಭಿನಂದನೆಯ ಚಿತ್ರಗಳು ಹರಿದಾಡಿದವು. ಎರಡರಲ್ಲೂ ಕೈ ಮುಗಿದು ನಿಂತ ಮುಖಂಡರು, ಎರಡರಲ್ಲೂ ಇದು ತಮ್ಮ ಪ್ರಯತ್ನದ ಫಲ ಎಂದಿತ್ತು. ನಮ್ಮ ಹೆಂಗಸರು ಅವನ್ನು ಒಬ್ಬರಿಗೊಬ್ಬರು ಕಳಿಸಿ ಒಂದು ವಾರ ನಕ್ಕರು.

ಸೋಮವಾರ ನಾನು ರಜೆ ಹಾಕಿ ಕಾಕೂ ಜೊತೆ ಅವರ ಶಾಲೆಗೆ ಹೋದೆ. ದಾರಿಯಲ್ಲಿ ಅವರು ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದಾಗ ನಿಂತುಬಿಟ್ಟರು.

"ತಂಗಿ, ಈ ಕೈ ಮುಚ್ಚಂಗಿಲ್ಲ. ಬ್ಯಾಳಿ ತೊಳಿಬಹುದು, ಕಾಯಿಪಲ್ಲೆ ಹೆಚ್ಚಬಹುದು. ಪಾತೇಲಿ ಹಿಡಿಯಾಕ ಬರಂಗಿಲ್ಲ. ಖಾಲಿ ನಿಲ್ಲಾಕ ನನಗ ಜಾಗಾ ಕೊಡಸಿದಂಗಾತಲ್ಲ ನೀ?"

ನಾನು ಅವರ ಎಡಗೈ ಹಿಡಿದುಕೊಂಡು ಒಳಗೆ ಹೋದೆ. ಮಕ್ಕಳು ಕಿಟಕಿಯಿಂದಲೇ "ಕಾಕೂ ಬಂದ್ರು, ಕಾಕೂ ಬಂದ್ರು" ಎಂದು ಕೂಗಿದರು, ಮಾಸ್ತರರು ಸುಮ್ಮನಿರಿಸಲಿಲ್ಲ.

ಅಡುಗೆ ಕೋಣೆಯಲ್ಲಿ ಅನ್ನ ಕುದಿಯುತ್ತಿತ್ತು. ಕಾಕೂ ಎಡಗೈಯಿಂದ ಒಂದು ಅಗುಳು ತೆಗೆದು ಹಿಸುಕಿ ನೋಡಿ, "ಆತು" ಎಂದರು. ಕಿರಿಯಳು ಒಲೆ ಆರಿಸಿದಳು. ಗೋಣಿ ತುಂಡು ಹಿಡಿದು ಅವಳು ಒಂದು ಕಡೆ ನಿಂತಳು, ಅವಳ ಜೊತೆಗಾರ್ತಿ ಇನ್ನೊಂದು ಕಡೆ. ಇಬ್ಬರೂ ಪಾತೇಲಿಗೆ ಕೈ ಹಚ್ಚಿದರು. ಆದರೆ ಎತ್ತಲಿಲ್ಲ. ತಲೆ ಎತ್ತಿ ಕಾಕೂ ಕಡೆ ನೋಡುತ್ತಾ ನಿಂತರು. ಅನ್ನ ತಡೆಯುವುದಿಲ್ಲ ಎಂದು ನನಗೆ ಒಳಗೊಳಗೇ ಚಡಪಡಿಕೆ. ಯಾಕೆ ನಿಂತಿದ್ದಾರೆಂದು ತಿಳಿಯಲು ನನಗೊಂದು ಕ್ಷಣ ಹಿಡಿಯಿತು. ಆ ಅಡುಗೆಮನೆಗೆ ಹಿರಿಯಳು ಕಾಕೂ, ಕೇಳಬೇಕಾದವರು ಅವರು.

ಕಾಕೂಗೂ ಅದೇ ಕ್ಷಣದಲ್ಲಿ ತಿಳಿಯಿತೆಂದು ಕಾಣುತ್ತದೆ. ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು, ಹೊರಗೆ ಕೂತ ಮಕ್ಕಳಿಗೂ ಕೇಳುವಂತೆ ಕೇಳಿದರು:

"ಹಿಡದೀರಿ?"

"ಹಿಡದೇವ್ರಿ ಕಾಕೂ," ಎಂದರು ಇಬ್ಬರೂ.